ಖಾಲಿ ತೂಕ

ರೈಲ್ವೆ ಕ್ವಾರ್ಟರ್ಸ್ ಕೆಡವುವ ಮುಂಚಿನ ಭಾನುವಾರ
ಫಿಲೋಮಿನಾ ಟೀಚರು ಕೊಟ್ಟರು ಹನ್ನೊಂದು ಕಡ್ಡಿ,
ಒದ್ದೆ ಪೇಪರಿನಲ್ಲಿ ಸುತ್ತಿ, ಮೇಲೊಂದು ರಬ್ಬರ್ ಬ್ಯಾಂಡು.
"ಅಂಜೂರ ಕಣೋ ತೀರ್ಥೇಶ. ಇದರ ತಾಯಿನ ನಮ್ಮೋರು
ಹುಬ್ಬಳ್ಳಿಯಿಂದ ಗಾರ್ಡ್ ಡಬ್ಬೀಲಿ ತಂದಿದ್ರು.
ಕಣ್ಣು ಮೇಲಕ್ಕಿರಲಿ, ಮರೀಬೇಡ."

ಮೇಲು ಯಾವುದು?
ಮನೆಗೆ ಬಂದು ನೋಡಿದರೆ ಎರಡು ತುದಿಯೂ ಒಂದೇ ಥರ,
ಪೆನ್ಸಿಲ್ ದಪ್ಪ, ಬೂದು ಬಣ್ಣ, ಯಾರ ಕಡೆಯೂ ಅಲ್ಲದ ಮುಖ.
ಪಂಕಜಾ ಕನ್ನಡಕ ಹಾಕಿಕೊಂಡು ಕಂಡುಹಿಡಿದಳು:
ಉದುರಿದ ಎಲೆಯ ಗಾಯ ಕೆಳಗೆ, ಅದರ ಮೇಲೆ ಕಣ್ಣು.
ಅಷ್ಟು ಹೇಳಿ ಹಿಟ್ಟು ಕಲೆಸಲು ಹೋದಳು.

ಅರಸೀಕೆರೆಯಲ್ಲಿ ನಾರಿನ ಪುಡಿಗೆ ಬರವೇ?
ವೇಬ್ರಿಡ್ಜಿನ ಹಿಂದೆ ಗುಡ್ಡೆ ಬಿದ್ದಿರುತ್ತದೆ.
ಚೀಲ ತುಂಬಿ ತಂದೆ, ಕೆಂಪು ಬಿಡುವ ತನಕ ತೊಳೆದೆ.
ಹಿಂಡಿದರೆ ಒಂದು ಹನಿ ಬೀಳಬೇಕು, ಎರಡನೆಯದು ಕೂಡದು.
ನೀರಿನ ಬಾಟಲಿಗಳ ಕುತ್ತಿಗೆ ಕೊಯ್ದು
ತಳಕ್ಕೆ ಕಾದ ಮೊಳೆಯಲ್ಲಿ ತೂತು.
ಕಡ್ಡಿಯ ಬುಡಕ್ಕೆ ಹೊಸದೊಂದು ಗಾಯ. ಹಾಲು ಬಂತು.
ಬೆರಳ ಸಂದಿಯಲ್ಲಿ ಮೂರು ದಿನ ನವೆ.

ನನ್ನ ಕೆಲಸ ತೂಕ ಬರೆಯುವುದು.
ತುಂಬಿದ ಲಾರಿ, ಖಾಲಿ ಲಾರಿ, ಕಳೆದರೆ ಕೊಬ್ಬರಿ.
ಹತ್ತೊಂಬತ್ತು ವರ್ಷದಿಂದ ಕಳೆಯುತ್ತಲೇ ಇದ್ದೇನೆ,
ಚೀಟಿ ಹರಿದು ಕೊಟ್ಟ ಮೇಲೆ ಯಾರೂ ಎದುರಾಡಿದ್ದಿಲ್ಲ.

ಒಂಬತ್ತನೇ ದಿನ ಹಸಿರು!
ಐದು ಕಡ್ಡಿಯ ನೆತ್ತಿಯಲ್ಲಿ ಇಲಿಕಿವಿಯಷ್ಟು ಎಲೆ.
ಮಂಡಿಗೆಲ್ಲ ಹೇಳಿ ಬಂದೆ.
ಮೂಟೆ ಇಳಿಸುತ್ತಿದ್ದ ಹಮಾಲಿ ದಸ್ತಗೀರ್ ಮಾತ್ರ ನಗಲಿಲ್ಲ.
"ಎಲೆ ನಂಬಬ್ಯಾಡಿ ಸಾರ್. ಅದು ಕಡ್ಡೀಲಿದ್ದ ಹಳೇ ಗಂಟು,
ಬೇರು ಬರೋಕ್ ಮುಂಚೆ ಖರ್ಚಾಯ್ತಾ ಐತೆ."

ಹಾಗೇ ಆಯಿತು. ಇಪ್ಪತ್ತನೇ ದಿನಕ್ಕೆ
ನಾಲ್ಕು ಜೋತುಬಿದ್ದವು, ಬುಡ ಕಪ್ಪಗೆ, ಹಿಸುಕಿದರೆ ನಶ್ಯ.
ಮೂರಕ್ಕೆ ಬಿಳಿ ಬೂಷ್ಟು.
ಎರಡನ್ನು ಕೊಂದವನು ನಾನೇ,
ಬಂತೇ, ಬಂತೇ ಎಂದು ದಿನಾ ಎತ್ತಿ ನೋಡಿ.
"ಹೂವನ್ನೇ ಹೊಟ್ಟೇಲಿ ಬಚ್ಚಿಡೋ ಜಾತಿ," ಅಂದಳು ಪಂಕಜಾ,
"ಬೇರು ನಿಮಗೆ ತೋರಿಸಿ ಬಿಡುತ್ತಾ?"

ಉಳಿದವು ಎರಡು.
ಒಂದನ್ನು ನಾನು ತಲೆಕೆಳಗಾಗಿ ನೆಟ್ಟಿದ್ದೆನಂತೆ.
ಕಣ್ಣು ಪುಡಿಯೊಳಗೇ ತೆರೆದು
ಡೊಂಕು ತಿರುಗಿ, ತಡವಾಗಿ, ಮೇಲೆ ಬಂತು.
ಸಿಟ್ಟು ಇದ್ದಂತಿಲ್ಲ.

ಇನ್ನೊಂದು ಸಿಲಿಂಡರಿನ ಹಿಂದೆ ಮರೆತೇಹೋಗಿತ್ತು.
ಗ್ಯಾಸ್ ಬದಲಿಸುವ ದಿನ ಕಂಡೆ:
ಬಾಟಲಿಯ ಗೋಡೆಗೆ ಒತ್ತಿಕೊಂಡು
ಶ್ಯಾವಿಗೆಗಿಂತ ಸಣ್ಣ, ಬಿಳಿ, ಒಂದು. ಅಲ್ಲ, ಮೂರು.
ರೆಂಚು ಹಿಡಿದು ಹಾಗೇ ಕೂತಿದ್ದೆ.
ಪಂಕಜಾ ಬಂದು, ಕಾಲು ಜೋಮು ಹಿಡಿದಿದೆಯಾ ಎಂದಳು.

ಕೈ ಅಗಲದ ಎಲೆ ನಾಲ್ಕು ಆದ ಮೇಲೆ
ತೊಡೆಯ ಮೇಲಿಟ್ಟುಕೊಂಡು ಹಾಸನದ ಬಸ್ಸು ಹತ್ತಿದೆ.
ಲಗೇಜು ಎಷ್ಟು ಕೇಜಿ, ಕಂಡಕ್ಟರ್ ಕೇಳಿದ.
ಗೊತ್ತಿಲ್ಲ ಅಂದೆ. ನಾನು!

ಟೀಚರು ಈಗ ಸಂತೆಪೇಟೆಯ ಮಹಡಿಯಲ್ಲಿ,
ಒಂದೇ ಕಿಟಕಿ, ಅದರ ಆಚೆ ಪಕ್ಕದವರ ಗೋಡೆ.
"ಬಿಸಿಲೇ ಬೀಳಲ್ಲ, ನಾನೆಲ್ಲಿ ಇಟ್ಕೊಳ್ಳಿ? ನೀನೇ ತಗೊಂಡು ಹೋಗು."
ಅಂದವರು ಎಲೆಯ ತುದಿ ಚಿವುಟಿ, ಉಜ್ಜಿ,
ಮೊದಲು ತಾವು ಮೂಸಿ, ಆಮೇಲೆ ನನಗೆ ಹಿಡಿದರು.
"ಏನು ವಾಸನೆ ಹೇಳು."

ಕೊಬ್ಬರಿ.
ಗಿಟುಕು ಒಡೆದ ಕೂಡಲೇ ಬರುತ್ತದಲ್ಲ, ಅದು.

ಇಷ್ಟು ದಿನ ಅಡುಗೆಮನೆಯಲ್ಲಿ ಆ ವಾಸನೆಗೆ
ನನ್ನ ಮಂಡಿಯ ಅಂಗಿಯೇ ಕಾರಣವೆಂದು
ಪಂಕಜಾ ಅದನ್ನು
ಎರಡೆರಡು ಸಲ ಒಗೆಯುತ್ತಿದ್ದಳು.